ಇನ್ನೊಂದು ಕೂದಲು ತೆಗಿ

ಆ ಮನೆಯಲ್ಲಿ ನಾಲ್ಕು ಜನರಿದ್ದರು, ಒಂದು ಗಾಡಿಯಿತ್ತು. ಅಜ್ಜಿಯನ್ನು ಕೇಳಿದರೆ ಐದು ಜನ ಎನ್ನುತ್ತಿದ್ದಳು. ಗಾಡಿಯ ಹೆಸರು ಕೆಂಪಿ. ಗಿಡ್ಡ ಬಾಲ, ಅಗಲ ಮೂತಿ, ಎರಡೇ ಬಾಗಿಲು. ನೋಡಲು ತರಕಾರಿ ತರುವ ಸಾಧು ಗಾಡಿಯ ಹಾಗಿದ್ದರೂ ಪೆಡಲಿನ ಮೇಲೆ ಕಾಲಿಟ್ಟರೆ ಸಾಕು, ಬೆನ್ನಿಗೆ ಬೆಂಕಿ ಬಿದ್ದಂತೆ ಓಡುತ್ತಿತ್ತು. ಮಗಳು ಅದನ್ನು ಊರ ಹೊರಗಿನ ರೇಸ್ ಟ್ರ್ಯಾಕಿಗೆಂದೇ ಇಟ್ಟುಕೊಂಡಿದ್ದಳು. ಭಾರ ಇಳಿಸಬೇಕೆಂದು ಹಿಂದಿನ ಸೀಟು ಕಿತ್ತಳು, ನೆಲಹಾಸು ಕಿತ್ತಳು, ಕೊನೆಗೆ ರೇಡಿಯೋವನ್ನೂ ಕಿತ್ತಳು. ಒಳಗೆ ಬರೀ ತಗಡು ಉಳಿಯಿತು. "ಚೆಂದದ ಗಾಡೀನ ಕೋಳಿಗೂಡು ಮಾಡಿದ್ಯಲ್ಲೇ," ಎಂದು ಅಮ್ಮ ಬಟ್ಟೆ ಒಣಗಿಸಲು ಹೋಗುವಾಗಲೆಲ್ಲ ಹೇಳುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಕೆಂಪಿ ತನ್ನ ಕಾಲ ಮೇಲೆ ತಾನು ಬರಲಿಲ್ಲ, ಟೋ ಲಾರಿಯ ಬೆನ್ನೇರಿ ಬಂದಳು. ಊಟಕ್ಕೆ ಕಾದು ಕೂತಿದ್ದ ಮೂವರೂ ಅಂಗಳಕ್ಕಿಳಿದರು.

"ಏನಾಯ್ತು?" ಅಪ್ಪ ಕೇಳಿದ.

"ಟ್ರ್ಯಾಕಿನ ಉದ್ದ ತಿರುವಿನಲ್ಲಿ ಹಿಂದಿನಿಂದ ನೀಲಿ ಹೊಗೆ. ಆಮೇಲೆ ಬಲವೇ ಇಲ್ಲ. ಮೂರನೇ ಸಿಲಿಂಡರ್ ಸತ್ತಿದೆ."

"ಸತ್ತಿದೆ ಅನ್ನಬೇಡ. ಎಣ್ಣೆ ಕುಡೀತಿದೆ ಅಷ್ಟೆ."

"ಕುಡುಕರ ಪರ ವಕಾಲತ್ತು ಆಮೇಲೆ ಮಾಡಿ. ಬನ್ನಿ, ಅನ್ನ ಆರುತ್ತೆ," ಅಂದಳು ಅಮ್ಮ.

ಅಮ್ಮ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುವವಳು. ಇಡೀ ದಿನ ಗಾಜಿನ ಸಣ್ಣ ಕಿಂಡಿಯಿಂದ ಮಾತಾಡಿ ಮಾತಾಡಿ ಅವಳ ಮಾತೂ ಆ ಕಿಂಡಿಯಷ್ಟೇ ಗಿಡ್ಡವಾಗಿತ್ತು. ಅಪ್ಪ ಮೂವತ್ತು ವರ್ಷ ಬೋರಿಂಗ್ ಶಾಪ್ ನಡೆಸಿದವನು. ಸವೆದ ಎಂಜಿನ್ನಿನ ಸಿಲಿಂಡರುಗಳನ್ನು ಕೊರೆದು, ಒಂದು ಸೈಜು ದೊಡ್ಡದು ಮಾಡಿ, ಹೊಸ ಪಿಸ್ಟನ್ ಕೂರುವಂತೆ ಮಾಡುವುದು ಅವನ ಕೆಲಸ. ಎರಡು ವರ್ಷದ ಹಿಂದೆ ಬೆನ್ನು ನೋವೆಂದು ಹೇಳಿ ಶಾಪನ್ನು ತನ್ನ ಜೊತೆ ಕೆಲಸ ಕಲಿತವನಿಗೆ ಬಿಟ್ಟುಕೊಟ್ಟಿದ್ದ. ಬೆನ್ನು ನೋವಿದ್ದದ್ದು ನಿಜ. ಕೈ ನಡುಗುತ್ತಿದ್ದದ್ದು ಅದಕ್ಕಿಂತ ನಿಜ. ಆ ಮನೆಯಲ್ಲಿ ಬೆನ್ನಿನ ಮಾತು ದಿನಕ್ಕೆ ಹತ್ತು ಸಲ ಬರುತ್ತಿತ್ತು, ಕೈಯ ಮಾತು ಒಮ್ಮೆಯೂ ಬರುತ್ತಿರಲಿಲ್ಲ.

ತಟ್ಟೆಗೆ ಬೇಳೆ ಬೀಳುವ ಮೊದಲೇ ಮಗಳು ಶುರು ಮಾಡಿದಳು. "ಎಂಜಿನ್ನೇ ಬದಲಾಯಿಸಿಬಿಡ್ತೀನಿ. ಗುಜರಿಯಲ್ಲಿ ಇದೇ ಕಂಪನಿಯ ದೊಡ್ಡ ಗಾಡಿದು ಒಂದಿದೆ. ಎರಡು ಲೀಟರಿಂದು. ಗಾಡಿ ಹಿಂದಿನಿಂದ ಗುದ್ದಿಸ್ಕೊಂಡಿದ್ದು, ಎಂಜಿನ್ನಿಗೆ ಏನೂ ಆಗಿಲ್ಲ. ಹತ್ತು ದಿನದಲ್ಲಿ ಕೂರಿಸಬಹುದು."

"ಇರೋದನ್ನೇ ಬಿಚ್ಚಿ ಬೋರ್ ಮಾಡಿದ್ರೆ?" ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಐದು ವಾರ ಬೇಕು ಅಪ್ಪ. ಆರನೇ ವಾರ ಈ ವರ್ಷದ ಕೊನೇ ಓಟ. ಅದಕ್ಕೆ ಇಡೀ ವರ್ಷ ಕಾದಿದೀನಿ."

"ಐದು ಆರಕ್ಕಿಂತ ಕಮ್ಮಿ ಅಲ್ವಾ?" ಅಂದಳು ಅಜ್ಜಿ.

"ಅತ್ತೆ, ನೀವು ಸುಮ್ನಿರಿ. ಹೊಸದು ಹಾಕ್ಲಿ, ಹಳೇದು ಹೋಗ್ಲಿ."

"ಹೂಂ. ನಾಳೆ ನನ್ನ ಮಂಡಿ ನೋವು ಅಂದ್ರೂ ಇದೇ ತೀರ್ಪು ಈ ಮನೇಲಿ," ಎಂದು ಅಜ್ಜಿ ಹಪ್ಪಳ ಮುರಿದಳು. ಆ ಹಪ್ಪಳ ಮುರಿಯುತ್ತಿದ್ದ ಹಲ್ಲುಗಳನ್ನು ಮಾಡಿದವಳು ಮಗಳೇ. ಅವಳು ಕೃತಕ ಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು.

ಶನಿವಾರ ಅಪ್ಪ, ಮಗಳು ಗುಜರಿಗೆ ಹೋದರು. ಮರದ ದಿಮ್ಮಿಗಳ ಮೇಲೆ ಕೂತಿದ್ದ ಆ ಎಂಜಿನ್ನಿಗೆ ಗುಜರಿಯವನು ಬ್ಯಾಟರಿ ತಾಗಿಸಿದ. ಒಂದೇ ಏಟಿಗೆ ಹೊತ್ತಿಕೊಂಡಿತು. ಅಪ್ಪ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಗೋಡೆಯಾಚೆಯ ಗುಟ್ಟು ಕೇಳುವವನ ಹಾಗೆ ನಿಂತ. ಮಗಳು ಅವನ ಮುಖವನ್ನೇ ನೋಡಿದಳು. ಏನಾದರೊಂದು ಕುಂದು ಹೇಳಿಯೇ ಹೇಳುತ್ತಾನೆ ಎಂದುಕೊಂಡಳು.

"ಒಳ್ಳೇ ಎಂಜಿನ್ನು," ಅಂದ ಅಪ್ಪ.

"ನಿಜವಾಗ್ಲೂ?"

"ಕಿವಿಗೆ ಬಿದ್ದಿದ್ದನ್ನ ಹೇಳ್ಬೇಕಲ್ಲ. ತೂಕ ಎಷ್ಟು ಜಾಸ್ತಿ?"

"ನಲವತ್ತು ಕಿಲೋ."

"ಅಷ್ಟೂ ಮುಂದಿನ ಚಕ್ರದ ಮೇಲೆ. ತಿರುವಲ್ಲಿ ಮೂತಿ ನಿನ್ನ ಮಾತು ಕೇಳುತ್ತಾ?"

"ಅಭ್ಯಾಸ ಆಗುತ್ತೆ."

ಎಣ್ಣೆ ನೋಡಲೆಂದು ತೆಗೆದ ಕಡ್ಡಿಯನ್ನು ವಾಪಸು ತೂರಿಸಲು ಅಪ್ಪ ಬಾಗಿದ. ಕಡ್ಡಿಯ ತುದಿ ತೂತಿನ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಮತ್ತೆ ಎಡಕ್ಕೆ. "ನೀನೇ ಹಾಕು, ಕನ್ನಡಕ ತಂದಿಲ್ಲ," ಎಂದು ಕೊಟ್ಟುಬಿಟ್ಟ. ಕನ್ನಡಕ ಅವನ ಎದೆಯ ಮೇಲೆ ದಾರದಲ್ಲಿ ನೇತಾಡುತ್ತಿತ್ತು. ಮಗಳು ಕಡ್ಡಿ ತೂರಿಸಿದಳು.

ಮರುದಿನ ಬಟ್ಟೆ ಹರವುತ್ತಾ ಅಮ್ಮ ದನಿ ತಗ್ಗಿಸಿದಳು. "ಅಪ್ಪ ಬೋರ್ ಬೋರ್ ಅಂತ ಕೊರೀತಾರೆ. ನೀನು ಒಪ್ಪಬೇಡ. ಬದಲಾಯಿಸಿಬಿಡು."

"ನಿಂಗ್ಯಾಕಮ್ಮ ಎಂಜಿನ್ ಚಿಂತೆ?"

"ಎಂಜಿನ್ ಹಾಳಾಗ್ಲಿ. ಮೊನ್ನೆ ಅಂಗಿ ಗುಂಡಿ ಹಾಕ್ಕೊಳ್ಳೋಕೆ ಕಾಲು ಗಂಟೆ ಆಯ್ತು ಅವರಿಗೆ. ಬಾಗಿಲ ಹಿಂದೆ ನಿಂತು ನೋಡಿದೆ. ಈ ಕೈಯಲ್ಲಿ ಅಳತೆ ತಪ್ಪಿದ್ರೆ ಗಾಡಿಗೆ ಏನಾಗುತ್ತೋ ಗೊತ್ತಿಲ್ಲ. ಮನುಷ್ಯ ಮತ್ತೆ ಎದ್ದು ಕೂರಲ್ಲ."

ಮಗಳು ಒದ್ದೆ ದುಪ್ಪಟಿಯ ಮೇಲಿಂದ ಅಂಗಳದತ್ತ ನೋಡಿದಳು. ಅಪ್ಪ ಆಗಲೇ ಹಳೆ ಹೊದಿಕೆ ಹಾಸಿ, ಪಾನಾಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸುತ್ತಿದ್ದ. ಗಂಟಲಲ್ಲಿ ಏನೋ ಹಾಡು ಗುನುಗುತ್ತಿತ್ತು.

"ಅಪ್ಪ ಹಾಡ್ತಿದಾನೆ," ಅಂದಳು.

ಅಮ್ಮ ಕ್ಲಿಪ್ಪು ಕಚ್ಚಿಕೊಂಡು ಕೇಳಿಸಿಕೊಂಡಳು. ಎರಡು ವರ್ಷದಿಂದ ಕೇಳಿರದ ದನಿ. ಕ್ಲಿಪ್ಪನ್ನು ಬಾಯಿಂದ ತೆಗೆದು ಹಗ್ಗಕ್ಕೆ ಹಾಕಿದಳು. "ಹಾಗಾದ್ರೆ ಅಳೀಲಿ. ಆದ್ರೆ ಅವರು ಅಳೆದಿದ್ದನ್ನೆಲ್ಲ ನೀನು ಇನ್ನೊಂದ್ಸಲ ಅಳೆದು ನೋಡು. ಅವರಿಗೆ ಗೊತ್ತಾಗಬಾರದು."

ಹೀಗೆ ಕೆಂಪಿಯ ಹೊಟ್ಟೆ ಬಿಚ್ಚುವುದೆಂದು ತೀರ್ಮಾನವಾಯಿತು. ಓಟಕ್ಕೆ ಐದು ವಾರ ಉಳಿದಿತ್ತು. ಮಗಳ ಮನಸ್ಸು ಗುಜರಿಯ ದಿಮ್ಮಿಯ ಮೇಲೇ ಇತ್ತು. ಅಪ್ಪನಿಗಾಗಿ ಒಪ್ಪಿದ್ದಳು, ಗಾಡಿಗಾಗಿ ಅಲ್ಲ.

ಮುಂದಿನ ವಾರವೆಲ್ಲ ಅಂಗಳದಲ್ಲಿ ಸೀಮೆಎಣ್ಣೆಯ ವಾಸನೆ. ಎಂಜಿನ್ ಇಳಿಯಿತು, ಬಿಚ್ಚಿಕೊಂಡಿತು. ಪಿಸ್ಟನ್ನುಗಳು ಅಡುಗೆಮನೆಯ ಹಳೆ ಟ್ರೇನಲ್ಲಿ ಸಾಲಾಗಿ ಕೂತವು. ಅಜ್ಜಿ ಮೊಮ್ಮಗಳಿಗೆ ಚಿಕ್ಕಂದಿನಲ್ಲಿ ಹೇಳುತ್ತಿದ್ದ ನಾಲ್ಕು ಹೊಟ್ಟೆಯ ರಾಕ್ಷಸನ ಕಥೆಯನ್ನು ಈಗ ನಾಲ್ಕು ಸಿಲಿಂಡರುಗಳ ಬ್ಲಾಕಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಮತ್ತೆ ಹೇಳಿದಳು. ಈ ಸಲ ರಾಕ್ಷಸನಿಗೆ ಮೂರನೆಯ ಹೊಟ್ಟೆಯಲ್ಲಿ ಹುಣ್ಣು.

ಅಪ್ಪ ಮರದ ಪೆಟ್ಟಿಗೆಯಿಂದ ತನ್ನ ಹಳೆ ಅಳತೆಯ ಗೇಜು ತೆಗೆದ. ಒಂದೊಂದು ಸಿಲಿಂಡರಿಗೂ ಮೇಲೆ, ನಡುವೆ, ಕೆಳಗೆ, ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ. ಒಟ್ಟು ಇಪ್ಪತ್ನಾಲ್ಕು ಅಳತೆ. ಮಗಳಿಗೆ ಬೆನ್ನು ಮಾಡಿ ಬಾಗಿ, ಒಂದೊಂದಕ್ಕೂ ಬಹಳ ಹೊತ್ತು ತೆಗೆದುಕೊಂಡು, ಅಂಕಿ ಕೂಗಿದ. ಅವಳು ಬರೆದುಕೊಂಡಳು. ಅವನು ಮಧ್ಯಾಹ್ನ ಮಲಗಿದಾಗ ಅವಳು ಬೋರಿಂಗ್ ಶಾಪಿನಿಂದ ಎರವಲು ತಂದ ಡಿಜಿಟಲ್ ಗೇಜು ಹಿಡಿದು ಅಂಗಳಕ್ಕಿಳಿದಳು. ಲ್ಯಾಬಿನ ಗುಲಾಬಿ ಚೀಟಿಗಳ ಮೇಲೆ ಎಡಕ್ಕೆ ಅಪ್ಪನ ಅಂಕಿ, ಬಲಕ್ಕೆ ತನ್ನದು. ಮೊದಲನೆಯದು ತಾಳೆಯಾಯಿತು. ಎರಡನೆಯದೂ ಆಯಿತು. ಹತ್ತನೆಯದಕ್ಕೆ ಬಂದಾಗ ಅವಳಿಗೇ ನಾಚಿಕೆಯಾಯಿತು, ಆದರೂ ಅಮ್ಮನಿಗೆ ಕೊಟ್ಟ ಮಾತೆಂದು ಮುಂದುವರಿಸಿದಳು. ಇಪ್ಪತ್ನಾಲ್ಕಕ್ಕೆ ಇಪ್ಪತ್ನಾಲ್ಕೂ ಸರಿ. ಚೀಟಿಗಳನ್ನು ಕೈಚೀಲದ ತಳಕ್ಕೆ ತುರುಕಿ, ಗೇಜನ್ನು ಮರುದಿನವೇ ವಾಪಸು ಮಾಡಿದಳು.

"ಇನ್ನು ನೋಡಲ್ಲ ಅಮ್ಮ. ಅಪ್ಪನ ಕೈ ನಮ್ಮೆದುರು ನಡುಗುತ್ತೆ, ಕಬ್ಬಿಣದೆದುರು ನಡುಗಲ್ಲ."

"ನಮಗೇ ಬೇಕಿತ್ತು," ಅಂದಳು ಅಮ್ಮ. ಅಂದು ಅಪ್ಪನಿಗೆ ಎರಡು ಮೊಟ್ಟೆ ಬಡಿಸಿದಳು.

ಈ ಮನೆಯ ಒಂದು ಮಾತಿನ ಬಗ್ಗೆ ಇಲ್ಲಿ ಹೇಳಿಬಿಡಬೇಕು. ಬಡಗಿಗೆ ನೂಲಿನ ಅಳತೆ ಹೇಗೋ ಅಪ್ಪನಿಗೆ ಕೂದಲು ಹಾಗೆ. ಕಣ್ಣಿಗೆ ಕಾಣದ ಸಣ್ಣ ಅಳತೆಗೆಲ್ಲ ಅವನ ಶಾಪಿನಲ್ಲಿ ಅದೊಂದೇ ಹೆಸರು. ಅದು ಮನೆಗೂ ಬಂದಿತ್ತು. ಉಪ್ಪು ಒಂದು ಕೂದಲು ಹೆಚ್ಚಾಯ್ತು, ಕುರ್ಚಿ ಒಂದು ಕೂದಲು ಆಚೆ ಸರಿಸು, ಎನ್ನುತ್ತಿದ್ದರು. ಮಗಳು ಲ್ಯಾಬಿಗೆ ಸೇರಿದಾಗ ಅಲ್ಲಿಯೂ ಅದೇ ಮಾತು ಕೇಳಿ ತವರಿಗೆ ಬಂದಷ್ಟು ಖುಷಿಪಟ್ಟಿದ್ದಳು. ಹಲ್ಲು ಉಜ್ಜುವಾಗ ಅಲ್ಲಿನ ದೊಡ್ಡಕ್ಕ, "ಒಂದು ಕೂದಲು ತೆಗಿ," ಎನ್ನುತ್ತಿದ್ದಳು. ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಹತ್ತು ಪಾಲು. ನಾಲ್ಕು ವರ್ಷದಲ್ಲಿ ಅವಳ ಕೈಗೆ ಅದು ಕೂತುಬಿಟ್ಟಿತ್ತು.

ಮೂರನೆಯ ವಾರ ಬ್ಲಾಕು ಬೋರಿಂಗ್ ಶಾಪಿಗೆ ಹೋಗಿ ಬಂತು. ಅಪ್ಪನ ಹಳೆ ಜೊತೆಗಾರ, ಮಗಳ ಬಾಯಲ್ಲಿ ಬೋರಿಂಗ್ ಮಾಮ, ಯಂತ್ರದಲ್ಲಿ ಕೊರೆದು ಕೊನೆಯ ಒಂದು ಕೂದಲನ್ನು ಬಿಟ್ಟು ಕಳಿಸಿದ್ದ. ಅಷ್ಟನ್ನು ಕೈಯಲ್ಲೇ ಉಜ್ಜಬೇಕು. ಡ್ರಿಲ್ಲಿನ ತುದಿಗೆ ಮೂರು ಸಾಣೆಕಲ್ಲು ಕಟ್ಟಿದ ಉಪಕರಣವನ್ನು ಸಿಲಿಂಡರಿನೊಳಗೆ ಮೇಲೆ ಕೆಳಗೆ ಆಡಿಸುವ ಕೆಲಸ.

"ನೀನು ಆಡಿಸು, ನಾನು ಕೇಳ್ತೀನಿ," ಅಂದ ಅಪ್ಪ. ಕೈಯ ಮಾತು ಎತ್ತದೆ ಕೈ ಬದಲಾಯಿತು. ಅವನು ಬೋರಲು ಹಾಕಿದ ಡಬ್ಬದ ಮೇಲೆ ಕಣ್ಣು ಮುಚ್ಚಿ ಕೂತ. ಕಲ್ಲಿನ ಸದ್ದು ಒರಟಿನಿಂದ ನುಣುಪಿಗೆ ಬರುವುದನ್ನು ಕೇಳುತ್ತಾ, ತುಟಿಯಲ್ಲೇ ಎಣಿಸುತ್ತಾ, ಸಾಕು ಅಂದ. ಮೊದಲನೆಯದು ಮುಗಿಯಿತು. ಎರಡನೆಯದೂ ಮುಗಿಯಿತು. ಹೊಸ ಪಿಸ್ಟನ್ ಇಟ್ಟು ನೋಡಿದರೆ ತನ್ನ ಭಾರಕ್ಕೆ ತಾನೇ, ನಿದ್ದೆಗೆ ಜಾರುವ ಮಗುವಿನಂತೆ, ಮೆಲ್ಲಗೆ ಇಳಿಯಿತು.

"ನೋಡಿದ್ಯಾ?" ಅಪ್ಪನ ಮುಖ ಅರಳಿತ್ತು. ಮಗಳು ಅಂದೇ ಮೊದಲ ಸಲ ಗುಜರಿಯ ಎಂಜಿನ್ನನ್ನು ಮರೆತಳು.

ಅಷ್ಟರಲ್ಲಿ ಒಳಗಿನಿಂದ ಅಜ್ಜಿಯ ಕರೆ. ಕಣ್ಣಿಗೆ ಔಷಧಿ ಹಾಕುವ ಹೊತ್ತು. ಅವಳಿಗೆ ಮಗನೇ ಹಾಕಬೇಕು. ಅವನ ಕೈಯಿಂದ ಮೂರು ಹನಿ ಕೆನ್ನೆಗೆ, ಒಂದು ಹನಿ ಕಣ್ಣಿಗೆ ಬೀಳುತ್ತಿತ್ತು. ಅಜ್ಜಿ ಕೆನ್ನೆ ಒರೆಸಿಕೊಂಡು, "ಹೂಂ, ಬಿತ್ತು," ಎನ್ನುತ್ತಿದ್ದಳು.

"ಮೂರನೇದು ಶುರು ಮಾಡು. ಇಪ್ಪತ್ತು ಸಲ ಹೋಗಿ ಬಂದ್ರೆ ನೂರರಲ್ಲಿ ಒಂದು ಪಾಲು ಹೋಗುತ್ತೆ. ಇನ್ನೊಂದು ಕೂದಲು ತೆಗಿ, ಬಂದೆ," ಎಂದು ಅಪ್ಪ ಒಳಗೆ ಹೋದ.

ಕೂದಲೆಂದರೆ ಹತ್ತು. ಇಪ್ಪತ್ತು ಹತ್ತಲೆ ಇನ್ನೂರು. ಮೊದಲ ಎರಡಕ್ಕಿಂತ ಹೊತ್ತು ಹಿಡಿಯಿತು. ರೋಗಿ ಸಿಲಿಂಡರಲ್ಲವೇ, ಹೆಚ್ಚು ಬೇಕೇನೋ ಎಂದುಕೊಂಡಳು. ಒಂದೂ ತಪ್ಪದಂತೆ ಎಣಿಸಿ ಇನ್ನೂರು ಮುಗಿಸಿ, ಬೆವರು ಒರೆಸಿಕೊಂಡು ನಿಂತಳು.

ಅಪ್ಪ ಬಂದು ಪಿಸ್ಟನ್ ಇಟ್ಟ. ಅದು ಜಾರಲಿಲ್ಲ, ಬಾವಿಗೆ ಬಿದ್ದ ಬಿಂದಿಗೆಯಂತೆ ದಡಕ್ಕೆಂದು ಬಿತ್ತು.

ಅವನು ಗೇಜು ಇಳಿಸಿ ನೋಡಿದ. ಗೇಜನ್ನು ಒರೆಸಿ ಮತ್ತೆ ನೋಡಿದ. ಬ್ಲಾಕಿನ ಆಚೆ ಬದಿಗೆ ಹೋಗಿ ನಿಂತು ನೋಡಿದ. ಆಮೇಲೆ ಗೇಜನ್ನು ಪೆಟ್ಟಿಗೆಯಲ್ಲಿಟ್ಟು, ಕೊಂಡಿ ಹಾಕಲು ಮೂರು ಸಲ ತಡವರಿಸಿ, ಕೊಂಡಿ ಹಾಕದೆಯೇ ಒಳಗೆ ಹೋದ.

ಊಟದ ಹೊತ್ತಿಗೆ ತಾನೇ ಮಾತು ತೆಗೆದ. "ಮೂರನೇದು ಹಾಳಾಯ್ತು. ಐದು ಪಾಲು ದೊಡ್ಡದಾಗಿದೆ. ಮಾಮನಿಗೆ ಕೊಟ್ಟ ಅಳತೇಲಿ ನಾನೇ ತಪ್ಪಿದೀನಿ."

"ತಪ್ಪಿರಲ್ಲ ಅಪ್ಪ."

"ಗೇಜು ಹೇಳ್ತಿದೆಯಲ್ಲ. ನನ್ನ ಕೈ..." ಅಂದ. ಆ ಮನೆಯಲ್ಲಿ ಆ ಮಾತು ಮೊದಲ ಸಲ ಬಂದಿತ್ತು. ಅಮ್ಮನ ಸೌಟು ಪಾತ್ರೆಯಲ್ಲೇ ನಿಂತಿತು. "ಇರಲಿ. ಇನ್ನೂ ಮೂರು ವಾರ ಇದೆ. ಗುಜರಿಯವನಿಗೆ ಫೋನ್ ಮಾಡು. ಒಳ್ಳೇ ಎಂಜಿನ್ನು ಅದು, ನಾನೇ ಕೇಳಿದೀನಲ್ಲ. ಗೇಜು ಮಾಮನಿಗೆ ಕೊಟ್ಟು ಬಾ. ಅವನಿಗಾದ್ರೂ ಉಪಯೋಗಕ್ಕೆ ಬರುತ್ತೆ."

ಯಾರೂ ಎರಡನೇ ಸಲ ಅನ್ನ ಬಡಿಸಿಕೊಳ್ಳಲಿಲ್ಲ. ಅಜ್ಜಿಯೂ ಕಥೆ ತೆಗೆಯಲಿಲ್ಲ.

ಸೋಮವಾರ ಲ್ಯಾಬಿನಲ್ಲಿ ದೊಡ್ಡಕ್ಕ ಪಕ್ಕದ ಮೇಜಿನವಳಿಗೆ ಒಂದು ದವಡೆಹಲ್ಲು ಕೊಟ್ಟು, "ಕಚ್ಚುವಾಗ ತಾಗ್ತಿದೆ, ಒಂದು ಕೂದಲು ತೆಗಿ," ಅಂದಳು. ಮಗಳ ಕೈಯಲ್ಲಿದ್ದ ಮೇಣದ ಚಾಕು ಅಲ್ಲಿಯೇ ನಿಂತಿತು.

"ದೊಡ್ಡಕ್ಕ, ಕೂದಲು ಅಂದ್ರೆ ಎಲ್ಲರಿಗೂ ಹತ್ತೇನಾ?"

"ನಮಗೆ ಹತ್ತು. ಬೇರೆಯವರ ತಲೆ ನಾನ್ಯಾಕೆ ಎಣಿಸಲಿ?"

ಮಗಳು ಹೊರಗೆ ಹೋಗಿ ಬೋರಿಂಗ್ ಮಾಮನಿಗೆ ಫೋನ್ ಮಾಡಿದಳು. ಆಚೆ ಯಂತ್ರದ ಗದ್ದಲ. "ಮಾಮ, ಅಪ್ಪ ಕೂದಲು ಅಂದ್ರೆ ಎಷ್ಟು?"

"ಐದು. ನಮ್ಮ ಮೇಸ್ತ್ರಿ ಕಾಲದಿಂದ ಐದೇ. ಯಾಕಮ್ಮ? ನಿಂಗೆ ಗೊತ್ತಿಲ್ವಾ?"

"ಗೊತ್ತಿದೆ ಅಂದ್ಕೊಂಡಿದ್ದೆ."

ಅಪ್ಪ ಎಲ್ಲಿಯೂ ತಪ್ಪಿರಲಿಲ್ಲ. ತಪ್ಪಿದ್ದು ಅವಳ ಕೈಯಲ್ಲಿ, ಇನ್ನೂರನ್ನು ಒಂದೂ ಬಿಡದೆ ಎಣಿಸಿದ ಅವಳ ಪ್ರಾಮಾಣಿಕ ಕೈಯಲ್ಲಿ. ಫೋನನ್ನು ಜೇಬಿಗೆ ಹಾಕುವಷ್ಟರಲ್ಲಿ ಅದು ಮತ್ತೆ ಹೊಡೆದುಕೊಂಡಿತು. ಗುಜರಿಯವನು. "ಬೇರೆ ಗಿರಾಕಿ ಬಂದಿದಾರೆ ಮೇಡಂ. ಶುಕ್ರವಾರದೊಳಗೆ ಹೇಳಿ."

ಎರಡು ದಿನ ಅವಳು ಹೇಳಲಿಲ್ಲ, ಗುಜರಿಯವನಿಗೂ, ಅಪ್ಪನಿಗೂ. ಸುಮ್ಮನಿದ್ದರೆ ಸಾಕಿತ್ತು. ಎರಡು ಲೀಟರಿನ ಎಂಜಿನ್ನು ಅಪ್ಪನ ಬಾಯಿಂದಲೇ ಸಿಕ್ಕಿತ್ತು, ಓಟವೂ ಸಿಗುತ್ತಿತ್ತು. ಹೇಳಿದರೆ ಓಟ ಹೋಗುತ್ತದೆ. ಮುಂದಿನ ಸೈಜಿನ ಪಿಸ್ಟನ್ ಬರಲು ನಾಲ್ಕು ವಾರ ಬೇಕು. ಹೋಗಲಿ ಎಂದರೆ, ಅಳತೆ ಸರಿಯಿತ್ತು ಎನ್ನುವುದಕ್ಕೆ ಸಾಕ್ಷಿ ಎಲ್ಲಿದೆ ಎಂದು ಅಪ್ಪ ಕೇಳಿಯೇ ಕೇಳುತ್ತಾನೆ. ಸಮಾಧಾನದ ಮಾತಿಗೆ ಒಲಿಯುವವನಲ್ಲ. ಸಾಕ್ಷಿ ಇದ್ದದ್ದು ಗುಲಾಬಿ ಚೀಟಿಗಳಲ್ಲಿ. ಅವನನ್ನು ನಂಬದೆ ಕದ್ದು ಅಳೆದದ್ದೇ ಅವನ ಕೈ ಸರಿಯಿತ್ತೆನ್ನುವ ಸಾಕ್ಷಿಯಾಗಿ ಕೂತಿತ್ತು.

ಆ ಎರಡು ದಿನ ಅಪ್ಪ ಪತ್ರಿಕೆ ಓದಿದ. ಅದೇ ಪುಟವನ್ನು ಬೆಳಿಗ್ಗೆಯೂ ಓದಿದ, ಸಂಜೆಯೂ ಓದಿದ. ಬುಧವಾರ ಅಜ್ಜಿಯ ಔಷಧಿಯ ಹೊತ್ತಾದಾಗ, "ಸೊಸೆ ಹತ್ರ ಹಾಕಿಸ್ಕೊ ಅಮ್ಮ, ನಂಗಾಗಲ್ಲ," ಅಂದ. ಅಜ್ಜಿ ಕಣ್ಣು ಮುಚ್ಚಿಕೊಂಡು ಕೂತುಬಿಟ್ಟಳು. ಅಮ್ಮ ಸೀಸೆ ಹಿಡಿದು ಬಂದರೂ ರೆಪ್ಪೆ ತೆರೆಯಲಿಲ್ಲ.

ಮಗಳು ಕೈಚೀಲವನ್ನು ಮೇಜಿನ ಮೇಲೆ ಸುರಿದಳು. ಬಾಚಣಿಗೆ, ಬಸ್ ಟಿಕೆಟು, ಗುಲಾಬಿ ಚೀಟಿಗಳು. ಚೀಟಿಗಳನ್ನು ಹೆಕ್ಕಿ ಅಪ್ಪನ ಪತ್ರಿಕೆಯ ಮೇಲಿಟ್ಟಳು.

"ಏನಿದು?"

"ಎಡಗಡೆ ನೀನು ಅಳೆದದ್ದು. ಬಲಗಡೆ ನಾನು ಅಳೆದದ್ದು. ನೀನು ಮಲಗಿದಾಗ."

ಅಪ್ಪ ಕನ್ನಡಕ ಏರಿಸಿ ಒಂದೊಂದಾಗಿ ನೋಡಿದ. ಚೀಟಿಗಳು ಅವನ ಕೈಯಲ್ಲಿ ಗಾಳಿಗೆ ಸಿಕ್ಕ ಎಲೆಗಳ ಹಾಗೆ ಸದ್ದು ಮಾಡಿದವು.

"ಒಂದೂ ತಪ್ಪಿಲ್ಲ," ಅಂದ.

"ಒಂದೂ ಇಲ್ಲ. ಮೂರನೇದನ್ನ ಕೆಡಿಸಿದ್ದು ನಾನು. ನಿನ್ನ ಕೂದಲು ಐದು, ನಮ್ಮ ಲ್ಯಾಬಿನ ಕೂದಲು ಹತ್ತು. ನಾನು ಹತ್ತು ತೆಗೆದೆ. ಸೋಮವಾರವೇ ಗೊತ್ತಾಯ್ತು. ಹೇಳೋಕೆ ಬಾಯಿ ಬರಲಿಲ್ಲ."

ಅಪ್ಪ ಮೊದಲು ಕೇಳಿದ್ದು ಕೂದಲಿನ ಬಗ್ಗೆ ಅಲ್ಲ. "ಇಪ್ಪತ್ನಾಲ್ಕು ಸಲ ಕದ್ದು ನೋಡಿದ್ಯಾ?"

"ಹೂಂ."

"ಐದು ಸರಿ ಬಂದ ಮೇಲೂ ನಿಲ್ಲಿಸ್ಬೇಕು ಅನ್ನಿಸ್ಲಿಲ್ವಾ?"

ಅಮ್ಮ ಔಷಧಿ ಸೀಸೆ ಕೆಳಗಿಟ್ಟಳು. "ಬೈಯೋದಾದ್ರೆ ನನ್ನ ಬೈರಿ. ನೋಡು ಅಂದೋಳು ನಾನು."

"ಓ. ಇಬ್ರೂ ಸೇರಿ."

"ಇಬ್ರೂ ಸೇರಿ. ನಿಮ್ಮ ಕೈ ಕಂಡು ಹೆದರಿದ್ವಿ. ನೀವು ಬೆನ್ನು ಬೆನ್ನು ಅಂತ ಹಾಡಿದ್ರಿ, ನಾವೂ ತಾಳ ಹಾಕಿದ್ವಿ. ಇನ್ನೇನು ಮಾಡ್ಬೇಕಿತ್ತು?"

"ಕೇಳ್ಬೇಕಿತ್ತು," ಅಂದ ಅಪ್ಪ. ಎದ್ದು ಹಿತ್ತಿಲ ಬಾಗಿಲು ತೆರೆದು ಹೋದ. ಹೋಗುವಾಗ ಚೀಟಿಗಳನ್ನು ಮಾತ್ರ ಬಿಡಲಿಲ್ಲ, ಜೇಬಿಗೆ ಹಾಕಿಕೊಂಡ.

"ಈಗ ಯಾರಾದ್ರೂ ನನ್ನ ಕಣ್ಣಿಗೆ ಔಷಧಿ ಹಾಕ್ತೀರೋ, ಹೀಗೇ ಕುರುಡಿಯಾಗಿ ಕೂತಿರ್ಲೋ?" ಅಂದಳು ಅಜ್ಜಿ. ಸ್ವಲ್ಪ ಹೊತ್ತಿಗೆ ಅಪ್ಪನೇ ಒಳಗೆ ಬಂದು, ಯಾರನ್ನೂ ನೋಡದೆ, ಸೀಸೆ ಎತ್ತಿಕೊಂಡ.

ಗುರುವಾರವಿಡೀ ಅವನು ಆ ಚೀಟಿಗಳನ್ನು ಮುಂದಿಟ್ಟುಕೊಂಡು ಕೂತ. ಶುಕ್ರವಾರ ಬೆಳಿಗ್ಗೆ ಮಗಳು ಲ್ಯಾಬಿಗೆ ಹೊರಟಾಗ ಅಪ್ಪ ಬ್ಲಾಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ.

"ಏಯ್ ಹಲ್ಲಿನವಳೇ, ಬಾ ಇಲ್ಲಿ. ನಿಮ್ಮಲ್ಲಿ ಕೂದಲು ಅಂದ್ರೆ ಹತ್ತಾ?"

"ಹತ್ತು."

"ಅದು ಕೂದಲಲ್ಲ, ಹಗ್ಗ."

ಮಗಳು ನಗಬೇಕೋ ಬೇಡವೋ ತಿಳಿಯದೆ ನಿಂತಳು. ಅಪ್ಪ ಜೇಬಿನಿಂದ ಒಂದು ಚೀಟಿ ತೆಗೆದ. ಹಿಂಬದಿಯಲ್ಲಿ ಡೊಂಕುಡೊಂಕಾಗಿ ಏನೋ ಬರೆದಿದ್ದ. "ಮುಂದಿನ ಸೈಜು ಒಂದೇ ಒಂದು ಉಳಿದಿದೆ. ನಾಲ್ಕನ್ನೂ ಅದಕ್ಕೆ ಕೊರೀಬೇಕು. ಆಮೇಲೆ ಈ ಬ್ಲಾಕನ್ನ ಮತ್ತೆ ಕೊರೆಯೋ ಹಾಗಿಲ್ಲ, ಗೋಡೆ ತೆಳ್ಳಗಾಗುತ್ತೆ. ಇದು ಮಾಡಿದ್ರೆ ನಿನ್ನ ಓಟ ಹೋಯ್ತು. ಗುಜರೀದು ಹಾಕಿದ್ರೆ ಓಟ ಇದೆ, ಬಲಾನೂ ಜಾಸ್ತಿ. ನನ್ನ ಮುಖ ನೋಡಿ ಹೇಳ್ಬೇಡ. ಗಾಡಿ ಮುಖ ನೋಡಿ ಹೇಳು."

ಮಗಳು ನಿಜವಾಗಿಯೂ ಗಾಡಿಯ ಮುಖ ನೋಡಿದಳು. ಎಂಜಿನ್ನಿಲ್ಲದ ಕೆಂಪಿ ಮೂತಿ ಮೇಲೆತ್ತಿ ನಿಂತಿದ್ದಳು. ಉದ್ದ ತಿರುವು ಕಣ್ಣಿಗೆ ಕಟ್ಟಿತು. ಸ್ಟಿಯರಿಂಗ್ ಮುಟ್ಟುವ ಮೊದಲೇ, ಮನಸ್ಸು ತಿರುಗಿದ ಕಡೆಗೆ ತಾನೂ ತಿರುಗುವ ಆ ಹಗುರ ಮೂತಿ. ಅದರ ಮೇಲೆ ನಲವತ್ತು ಕಿಲೋ. ಅಭ್ಯಾಸ ಆಗುತ್ತೆ ಎಂದು ತಾನೇ ಹೇಳಿದ್ದಳು. ಅಭ್ಯಾಸ ಮಾಡಿಕೊಳ್ಳುವ ಮನಸ್ಸಿಲ್ಲ ಎಂದು ಈಗ ಗೊತ್ತಾಯಿತು.

"ಕೊರೆಯೋಣ," ಅಂದಳು. "ಆದ್ರೆ ಈ ಸಲವೂ ನಾನು ಅಳೀತೀನಿ. ನಿನ್ನ ಪಕ್ಕದಲ್ಲೇ ನಿಂತು."

"ಅಳೆ. ಶಾಪಲ್ಲಿ ಯಾವತ್ತೂ ಇಬ್ರು ಅಳೀತಿದ್ವಿ. ಒಬ್ಬನೇ ಅಳೆಯೋನು ಅಹಂಕಾರಿ ಅಂತಿದ್ರು ನಮ್ಮ ಮೇಸ್ತ್ರಿ." ಅಪ್ಪ ಎದ್ದು ನಿಲ್ಲಲು ಕೈ ಚಾಚಿದ. ಅವಳು ಹಿಡಿದಳು. "ಮತ್ತೆ ಕೂದಲು ಗೀದಲು ಬೇಡ. ಅಂಕಿ ಹೇಳೋಣ."

ಪಿಸ್ಟನ್ ಬರಲು ನಾಲ್ಕಲ್ಲ, ಐದು ವಾರ ಹಿಡಿಯಿತು. ವರ್ಷದ ಕೊನೆಯ ಓಟದ ಭಾನುವಾರ ಮಗಳು ಮನೆಯಲ್ಲೇ ಇದ್ದು, ಅಜ್ಜಿಯ ತಲೆಗೆ ಎಣ್ಣೆ ಹಚ್ಚಿ, ಮಧ್ಯಾಹ್ನ ಒಂದಷ್ಟು ಹೊತ್ತು ಮುಸುಕೆಳೆದುಕೊಂಡು ಮಲಗಿದಳು. ಯಾರೂ ಎಬ್ಬಿಸಲಿಲ್ಲ. ಅಮ್ಮ ಮಾತ್ರ ಚಹಾ ತಂದಿಟ್ಟು, ಮುಚ್ಚಳ ಮುಚ್ಚಿ ಹೋದಳು.

ಎಂಜಿನ್ ಮತ್ತೆ ಕೂತ ಮೇಲೆ ಇನ್ನೊಂದು ಬಂಧನ ಬಂತು. ಹೊಸ ಪಿಸ್ಟನ್ನು, ಹೊಸ ರಿಂಗು. ಸಾವಿರ ಕಿಲೋಮೀಟರು ಮೆಲ್ಲಗೆ ಓಡಿಸಿ ಪಳಗಿಸಬೇಕು. ಬೆನ್ನಿಗೆ ಬೆಂಕಿ ಬಿದ್ದಂತೆ ಓಡುತ್ತಿದ್ದ ಕೆಂಪಿ ಈಗ ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿ ಹೊರಟಳು. ಮುಂದೆ ಇನ್ನೊಂದೇ ಸೀಟಿದ್ದುದರಿಂದ ಮನೆಯವರಿಗೆ ಸರದಿ ಬಂತು. ಅಮ್ಮ ಕೌಂಟರಿಗೆ ಹೋಗುವಾಗ ಒಂದು ವಾರ ಕೂತಳು. "ಇದಕ್ಕಿಂತ ನಮ್ಮ ಬಸ್ಸೇ ವಾಸಿ," ಅಂದಳು, ಮರುದಿನ ಐದು ನಿಮಿಷ ಮೊದಲೇ ಬಂದು ಬಾಗಿಲ ಬಳಿ ನಿಂತಳು. ಅಜ್ಜಿ ಕಣ್ಣಿನ ಆಸ್ಪತ್ರೆಗೆ ಹೋದಳು. ರೇಸಿನ ಐದು ಪಟ್ಟಿಯ ಬೆಲ್ಟು ಬಿಗಿಸಿಕೊಂಡು, ಸೈಕಲ್ಲಿನವನೊಬ್ಬ ತಮ್ಮನ್ನು ದಾಟಿ ಹೋದಾಗ, "ಓಟದ ಗಾಡಿ ಅಂದ್ಯಲ್ಲೇ, ಅವನದ್ದಾ?" ಎಂದು ಕೇಳಿದಳು.

ಕೊನೆಯ ನೂರು ಕಿಲೋಮೀಟರು ಅಪ್ಪನ ಪಾಲಿಗೆ ಬಂತು. ಒಂದು ಭಾನುವಾರ ಬೆಳಗಿನ ಖಾಲಿ ಹೆದ್ದಾರಿ. ಎಂಜಿನ್ ಕೂರಿಸುವಾಗ ಮಗಳು ಅದರ ಕೆಳಗಿನ ಮೆತ್ತನೆ ರಬ್ಬರುಗಳ ಜಾಗಕ್ಕೆ ಟ್ರ್ಯಾಕಿಗೆಂದು ಗಟ್ಟಿಯವನ್ನು ಹಾಕಿದ್ದಳು. ಅದರಿಂದಾಗಿ ಗಾಡಿಯೊಳಗೆ ನಡುಗದ ವಸ್ತುವೇ ಇರಲಿಲ್ಲ. ಕನ್ನಡಿ ನಡುಗುತ್ತಿತ್ತು, ಗೇರಿನ ಗುಂಡು ನಡುಗುತ್ತಿತ್ತು, ಮಗಳ ಕೆನ್ನೆ, ಸ್ಟಿಯರಿಂಗ್ ಮೇಲಿನ ಅವಳ ಬೆರಳುಗಳು, ಎಲ್ಲವೂ ಗುಂಯ್ ಎನ್ನುತ್ತಿದ್ದವು. ಇಷ್ಟು ದಿನ ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂರುತ್ತಿದ್ದ ಕೈಯನ್ನು ಅಪ್ಪ ಹೊರಗೆ ತೆಗೆದ. ಎದುರಿನ ತಗಡಿನ ಮೇಲೆ ಅಂಗೈ ಅಗಲಿಸಿ ಇಟ್ಟ. ಅಲ್ಲಿ ಯಾವುದು ಗಾಡಿಯ ನಡುಕ, ಯಾವುದು ಅವನದು ಎಂದು ಬೇರೆ ಮಾಡಿ ಹೇಳುವ ಹಾಗೆಯೇ ಇರಲಿಲ್ಲ.

"ಮೂರನೇದು ಹೇಗಿದೆ?" ಸದ್ದಿನ ಮೇಲೆ ದನಿ ಏರಿಸಿ ಮಗಳು ಕೇಳಿದಳು.

ಅಪ್ಪ ಕಣ್ಣು ಮುಚ್ಚಿ, ಅಂಗೈಯಲ್ಲೇ ಕೇಳಿಸಿಕೊಂಡ. "ನಾಲ್ಕರಲ್ಲಿ ಮೂರನೇದು ಯಾವುದು ಅಂತಾನೇ ಗೊತ್ತಾಗ್ತಿಲ್ಲ," ಅಂದ.

ಮೀಟರಿನಲ್ಲಿ ಸಾವಿರ ತುಂಬಿತು. ಮುಂದೆ ರಸ್ತೆ ನೇರವಾಗಿತ್ತು, ದೂರದವರೆಗೆ ಯಾರೂ ಇರಲಿಲ್ಲ. ಮಗಳು ಅಪ್ಪನ ಕಡೆ ನೋಡಿದಳು. ಅವನು ಕೈ ತೆಗೆಯಲಿಲ್ಲ.

"ಈಗ ತುಳಿ ಮಗಳೇ," ಅಂದ.